ಕಠಿಣ ಲೆಕ್ಕದ ಮುಂದೆ ಕೂರುವುದು ಹೇಗೆ?

ಪಿಯುಸಿ ಗಣಿತದಲ್ಲಿ ನೂರಕ್ಕೆ ನೂರು ತೆಗೆಯುವ ವಿದ್ಯಾರ್ಥಿಗೆ ಗಣಿತ ಒಲಿಂಪಿಯಾಡ್ ಸ್ಪರ್ಧೆಯ ಒಂದು ಪ್ರಶ್ನೆ ಕೊಟ್ಟು ನೋಡಿ. ಎರಡು ಸಲ ಓದುತ್ತಾರೆ, ಯಾವ ಸೂತ್ರ ಹಾಕಬೇಕೆಂದು ನೆನಪನ್ನೆಲ್ಲ ತಡಕುತ್ತಾರೆ, ಸಿಗದಿದ್ದಾಗ ಪೆನ್ನು ಕೆಳಗಿಟ್ಟು "ಇದು ಸಿಲಬಸ್‌ನಲ್ಲಿ ಇಲ್ಲ ಸರ್" ಎನ್ನುತ್ತಾರೆ. ರಫ್ ಹಾಳೆಯಲ್ಲಿ ಒಂದು ಗೆರೆಯೂ ಬಿದ್ದಿರುವುದಿಲ್ಲ. ತುಮಕೂರಿನ ಪಿಯು ವಿದ್ಯಾರ್ಥಿಗಳ ಜೊತೆ ಲೆಕ್ಕ ಮಾಡುತ್ತಾ ಬಂದಿರುವ ನನಗೆ ಈ ಖಾಲಿ ಹಾಳೆ ಕಂಡಷ್ಟು ಬೇಸರ ಇನ್ನಾವುದಕ್ಕೂ ಆಗುವುದಿಲ್ಲ, ಏಕೆಂದರೆ ಆ ಮಕ್ಕಳಲ್ಲಿ ಬುದ್ಧಿಗೆ ಕೊರತೆಯಿಲ್ಲ. ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಅಂದರೆ ಒಂದಕ್ಕೆ 80 ಸೆಕೆಂಡು. ಆ ವೇಗಕ್ಕೆ ಪಳಗಿದ ಮನಸ್ಸು ಎರಡು ನಿಮಿಷ ಕಳೆದೊಡನೆ ಸೋತೆನೆಂದು ತೀರ್ಮಾನಿಸಿಬಿಡುತ್ತದೆ. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಮೂರು ಪ್ರಶ್ನೆಗಳಿಗೆ ನಾಲ್ಕೂವರೆ ಗಂಟೆ ಕೊಡುತ್ತಾರೆ. ಅಲ್ಲಿ ಉತ್ತರ ನೆನಪಿನಿಂದ ಬರುವುದಿಲ್ಲ, ರಫ್ ಹಾಳೆಯ ಮೇಲೆ ಹುಟ್ಟುತ್ತದೆ.

ಸಿದ್ಧತೆ

ಗೆರೆಯಿಲ್ಲದ ಹಾಳೆಗಳು ಮತ್ತು ಒಂದು ಪೆನ್ನು ಸಾಕು. ಪೆನ್ಸಿಲ್, ರಬ್ಬರ್ ಬೇಡ. ತಪ್ಪೆಂದು ಅಳಿಸಿದ ಸಾಲೇ ಅರ್ಧ ಗಂಟೆಯ ನಂತರ ಬೇಕಾಗುತ್ತದೆ, ಆದ್ದರಿಂದ ಒಂದು ಅಡ್ಡಗೆರೆ ಎಳೆದು ಮುಂದುವರಿಯಿರಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಪ್ರಶ್ನೆಯ ಫೋಟೊ ತೆಗೆದರೆ ಪರಿಹಾರ ತೋರಿಸುವ ಆ್ಯಪ್‌ಗಳಿವೆಯಲ್ಲ, ಅವು ಈ ಕೆಲಸಕ್ಕೆ ವಿಷ. 'ಹತ್ತು ಸೆಕೆಂಡಿನಲ್ಲಿ ಉತ್ತರ' ಎಂದು ಮುಖಪುಟದಲ್ಲಿ ಅಚ್ಚು ಹಾಕಿದ ಶಾರ್ಟ್‌ಕಟ್ ಪುಸ್ತಕಗಳನ್ನೂ ಕೊಳ್ಳಬೇಡಿ. ಉತ್ತರದ ನಾಲ್ಕು ಆಯ್ಕೆಗಳೇ ಇಲ್ಲದ ಪ್ರಶ್ನೆಯ ಮುಂದೆ ಅವು ಯಾವ ಉಪಯೋಗಕ್ಕೂ ಬರುವುದಿಲ್ಲ. ಒಳ್ಳೆಯ ಪ್ರಶ್ನೆಗಳು ಬಿಟ್ಟಿಯಾಗಿಯೇ ಸಿಗುತ್ತವೆ. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಜಾಲತಾಣದಲ್ಲಿ ನಮ್ಮ ದೇಶದ ಗಣಿತ ಒಲಿಂಪಿಯಾಡ್‌ನ ಹಳೆಯ ಪ್ರಶ್ನೆಪತ್ರಿಕೆಗಳಿವೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಕೇಂದ್ರವಿರುವ ಭಾರತೀಯ ಸಾಂಖ್ಯಿಕ ಸಂಸ್ಥೆಯ ಹಳೆಯ ಪ್ರವೇಶ ಪತ್ರಿಕೆಗಳೂ ಅಷ್ಟೇ ಸೊಗಸಾಗಿವೆ.

ಓದುವುದು

ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಕನ್ನಡದಲ್ಲೇ ಬರೆದುಕೊಳ್ಳಲಿ, ಕನ್ನಡದಲ್ಲೇ ಯೋಚಿಸಲಿ, ಸಂಕೋಚ ಬೇಡ. 'ಯಾವುದೇ 51 ಸಂಖ್ಯೆ' ಎಂದಿದೆಯೋ 'ಯಾವುದಾದರೂ 51 ಸಂಖ್ಯೆ' ಎಂದಿದೆಯೋ ನೋಡಿ. ಮೊದಲನೆಯದಕ್ಕೆ ಹೇಗೆ ಆರಿಸಿದರೂ ಎಂದರ್ಥ, ಎರಡನೆಯದಕ್ಕೆ ಒಂದು ಆಯ್ಕೆಯಲ್ಲಾದರೂ ಎಂದು. ಇಲ್ಲಿ ಜಾರಿದರೆ ಮುಂದಿನದೆಲ್ಲ ವ್ಯರ್ಥ.

ಕೈ ಕೊಳೆ ಮಾಡಿಕೊಳ್ಳುವುದು

ಎಲ್ಲರೂ ಕೈಚೆಲ್ಲುವ ಹಂತ ಇದು. ಆದ್ದರಿಂದ ಒಂದೇ ಪ್ರಶ್ನೆಯನ್ನು ಹಿಡಿದು ನಿಧಾನವಾಗಿ ಹೋಗೋಣ:

1ರಿಂದ 100ರವರೆಗಿನ ಪೂರ್ಣಾಂಕಗಳಲ್ಲಿ ಯಾವುದೇ 51ನ್ನು ಆರಿಸಿದರೂ, ಆರಿಸಿದವುಗಳಲ್ಲಿ ಒಂದು ಇನ್ನೊಂದನ್ನು ನಿಶ್ಶೇಷವಾಗಿ ಭಾಗಿಸುವ ಜೋಡಿ ಇದ್ದೇ ಇರುತ್ತದೆ ಎಂದು ಸಾಧಿಸಿ.

ಸೂತ್ರ ಹುಡುಕಬೇಡಿ. ನೂರು ದೊಡ್ಡದಾಯಿತು, ಹತ್ತಕ್ಕೆ ಇಳಿಸಿ. ಆಗ 1ರಿಂದ 10ರಲ್ಲಿ ಆರು ಸಂಖ್ಯೆಗಳನ್ನು ಆರಿಸಬೇಕು. ಈಗ ಪ್ರಶ್ನೆಯ ಪರವಾಗಿ ವಾದಿಸುವುದನ್ನು ಬಿಟ್ಟು ಅದನ್ನು ಮುರಿಯಲು ಹೊರಡಿ: ಭಾಗಿಸುವ ಜೋಡಿ ಬರದಂತೆ ಎಷ್ಟು ಸಂಖ್ಯೆಗಳನ್ನು ಕೂಡಿಹಾಕಬಹುದು? 6, 7, 8, 9, 10 ತಕ್ಷಣ ಸಿಗುತ್ತವೆ, ಐದು ಆದವು. ನೂರರಲ್ಲೂ ಹೀಗೆಯೇ, 51ರಿಂದ 100ರವರೆಗಿನ ಐವತ್ತು ಸಂಖ್ಯೆಗಳಲ್ಲಿ ಯಾವುದೂ ಇನ್ನೊಂದನ್ನು ಭಾಗಿಸದು. ಅಂದರೆ 51 ಎನ್ನುವುದು ಸರಿಯಾಗಿ ಅಂಚಿನ ಮೇಲಿರುವ ಸಂಖ್ಯೆ. ಇಷ್ಟು ಗೊತ್ತಾದರೂ ಲಾಭವೇ.

ಬಹಳ ಜನ ಇಲ್ಲಿಯೇ ನಿಲ್ಲಿಸಿ, 'ಅತಿ ಕಷ್ಟದ ಆಯ್ಕೆ 51ರಿಂದ 100. ಅದಕ್ಕೆ ಇನ್ನೊಂದು ಸೇರಿಸಿದರೆ ಅದು ಯಾವುದನ್ನಾದರೂ ಭಾಗಿಸುತ್ತದೆ, ಸಾಧಿಸಿದೆ' ಎಂದು ಬರೆದು ಕೊಡುತ್ತಾರೆ. ಇದು ಸಾಧನೆಯೇ ಅಲ್ಲ. ಅದೇ ಅತಿ ಕಷ್ಟದ ಆಯ್ಕೆ ಎಂದು ಹೇಳಿದವರು ಯಾರು? ಬೇರೆ ಬಗೆಯ ಐವತ್ತು ಇರಬಹುದಲ್ಲ?

ಇರಬಹುದೇ ಎಂದು ಹತ್ತರಲ್ಲಿ ಹುಡುಕಿ. 8ನ್ನು ತೆಗೆದು 4 ಹಾಕಿದರೆ 4, 6, 7, 9, 10. ಇದರಲ್ಲೂ ಭಾಗಿಸುವ ಜೋಡಿಯಿಲ್ಲ. ಈಗ 10 ತೆಗೆದು 5 ಹಾಕಿ: 4, 5, 6, 7, 9. ಇದೂ ಸರಿ. 6ರ ಬದಲು 3 ಹಾಕಿದರೆ 9 ಅಡ್ಡ ಬರುತ್ತದೆ. 4ರ ಬದಲು 2 ಹಾಕಿದರೆ 6 ಅಡ್ಡ ಬರುತ್ತದೆ. ಸೋತ ಪ್ರಯತ್ನಗಳನ್ನೂ ಸೇರಿಸಿ ಎಲ್ಲವನ್ನೂ ಒಂದರ ಕೆಳಗೊಂದು ಬರೆಯಿರಿ, ಆಮೇಲೆ ಸುಮ್ಮನೆ ನೋಡಿ. ಒಳಗೆ ಬಂದ ಸಂಖ್ಯೆ ಪ್ರತಿ ಸಲವೂ ಹೊರಗೆ ಹೋದದ್ದರ ಅರ್ಧ. 8ರ ಜಾಗಕ್ಕೆ 4 ಬರಬಹುದು, ಆದರೆ ಎರಡೂ ಒಟ್ಟಿಗೆ ಇರಲಾರವು. ಹಾಗಿದ್ದರೆ ಒಂದೇ ಜಾಗಕ್ಕೆ ಜಗಳವಾಡುವ ಸಂಖ್ಯೆಗಳನ್ನೆಲ್ಲ ಒಂದು ಸಾಲಿಗೆ ಸೇರಿಸಿ:

1, 2, 4, 8
3, 6
5, 10
7
9

ಐದು ಸಾಲುಗಳು. ಒಂದೊಂದು ಸಾಲಿನಲ್ಲೂ ಚಿಕ್ಕದು ದೊಡ್ಡದನ್ನು ಭಾಗಿಸುತ್ತದೆ, ಹಾಗಾಗಿ ಸಾಲಿಗೊಂದರಂತೆ ಮಾತ್ರ ಆರಿಸಬಹುದು. ಆರನೆಯದಕ್ಕೆ ಸಾಲೇ ಇಲ್ಲ. ಪ್ರತಿ ಸಾಲೂ ಒಂದು ಬೆಸ ಸಂಖ್ಯೆಯಿಂದ ಶುರುವಾಗಿ ಎರಡೆರಡು ಪಟ್ಟು ಬೆಳೆಯುತ್ತದೆ. ನೂರರವರೆಗೆ ಬೆಸ ಸಂಖ್ಯೆಗಳು ಐವತ್ತು, ಆದ್ದರಿಂದ ಸಾಲುಗಳೂ ಐವತ್ತು. 51 ಆರಿಸಿದರೆ ಎರಡಾದರೂ ಒಂದೇ ಸಾಲಿಗೆ ಬೀಳಲೇಬೇಕು. ಲೆಕ್ಕ ಮುಗಿಯಿತು.

ಇದೇ ಲೆಕ್ಕದ ಪರಿಹಾರವನ್ನು ಪುಸ್ತಕದಲ್ಲಿ ತೆರೆದರೆ 'ಪ್ರತಿ ಸಂಖ್ಯೆಯನ್ನೂ ಎರಡರ ಘಾತ ಮತ್ತು ಒಂದು ಬೆಸ ಸಂಖ್ಯೆಯ ಗುಣಲಬ್ಧವಾಗಿ ಬರೆಯಿರಿ' ಎಂದು ಮೊದಲ ಸಾಲಿನಲ್ಲೇ ಇರುತ್ತದೆ. ಓದಿದ ವಿದ್ಯಾರ್ಥಿ ಇದು ಯಾರಿಗಾದರೂ ಹೊಳೆಯುವುದುಂಟೇ ಎಂದು ಎದೆಗುಂದುತ್ತಾನೆ. ಹತ್ತು ಸಂಖ್ಯೆಗಳನ್ನು ಕೈಯಿಂದ ಅತ್ತಿತ್ತ ಸರಿಸಿದ ಯಾರಿಗಾದರೂ ಹೊಳೆಯುತ್ತದೆ. ಪುಸ್ತಕಗಳು ರಫ್ ಹಾಳೆಯನ್ನು ತೋರಿಸುವುದಿಲ್ಲ, ಅಷ್ಟೇ ವ್ಯತ್ಯಾಸ.

ಚಿಕ್ಕ ಉದಾಹರಣೆಗಳು ದಾರಿ ತಪ್ಪಿಸುವುದೂ ಉಂಟು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ನಡೆದ 1988ರ ಅಂತರರಾಷ್ಟ್ರೀಯ ಒಲಿಂಪಿಯಾಡ್‌ನ ಆರನೆಯ ಪ್ರಶ್ನೆ ಹೆಸರುವಾಸಿ; ಅದಕ್ಕೆ ಪೂರ್ಣ ಅಂಕ ಪಡೆದವರು 11 ಮಂದಿ ಮಾತ್ರ. ಅ, ಬ ಎಂಬ ಎರಡು ಧನ ಪೂರ್ಣಾಂಕಗಳ ವರ್ಗಗಳ ಮೊತ್ತವನ್ನು, ಅವುಗಳ ಗುಣಲಬ್ಧಕ್ಕೆ ಒಂದು ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಿದಾಗ ಶೇಷ ಉಳಿಯದಿದ್ದರೆ, ಭಾಗಲಬ್ಧ ಪೂರ್ಣ ವರ್ಗವೇ ಆಗಿರುತ್ತದೆ ಎಂದು ಸಾಧಿಸಬೇಕು. ಪಟ್ಟಿ ಮಾಡಿದರೆ 1 ಮತ್ತು 1, 2 ಮತ್ತು 8, 3 ಮತ್ತು 27 ಸಿಗುತ್ತವೆ. ಭಾಗಲಬ್ಧ 1, 4, 9. 'ಒಂದು ಇನ್ನೊಂದರ ಘನ' ಎಂದು ಕುಣಿದಾಡುವಂತಾಗುತ್ತದೆ. ತಡೆಯಿರಿ, ಪಟ್ಟಿಯನ್ನು ಇನ್ನಷ್ಟು ಬೆಳೆಸಿ. 8 ಮತ್ತು 30 ಸಿಗುತ್ತವೆ: 64 ಮತ್ತು 900 ಸೇರಿ 964, ಅದನ್ನು 241ರಿಂದ ಭಾಗಿಸಿದರೆ 4. ಊಹೆ ಮುರಿದುಬಿತ್ತು.

ಮುರಿದ ಜಾಗವೇ ಅತ್ಯಂತ ಬೆಲೆಯುಳ್ಳದ್ದು. 2 ಮತ್ತು 8ಕ್ಕೂ ಭಾಗಲಬ್ಧ 4, 8 ಮತ್ತು 30ಕ್ಕೂ ಭಾಗಲಬ್ಧ 4. ಹಾಗಾದರೆ 8ನ್ನೂ 4ನ್ನೂ ಹಾಗೆಯೇ ಇಟ್ಟು ಇನ್ನೊಂದು ಸಂಖ್ಯೆಗೆ ಸಮೀಕರಣ ಬರೆಯಿರಿ. ಒಂದು ವರ್ಗ ಸಮೀಕರಣ ಬರುತ್ತದೆ, ಅದರ ಮೂಲಗಳ ಮೊತ್ತ 32, ಗುಣಲಬ್ಧ 60. ಮೂಲಗಳು 2 ಮತ್ತು 30! ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ಸಂಗತಿಯಿಂದ ಇಲ್ಲಿಯವರೆಗೆ ಬಂದಿರಿ. ಇದೇ ರೀತಿ 30ರಿಂದ ಮೇಲೆ ಹತ್ತಿದರೆ 112 ಸಿಗುತ್ತದೆ. ಕೆಳಗೆ ಇಳಿಯುತ್ತಾ ಹೋದರೆ ಎಲ್ಲಿ ನಿಲ್ಲುತ್ತೀರಿ ಎಂಬುದರಲ್ಲಿ ಪೂರ್ತಿ ಸಾಧನೆ ಅಡಗಿದೆ. ಅದನ್ನು ನಾನು ಇಲ್ಲಿ ಬಿಡಿಸುವುದಿಲ್ಲ, ಬಿಡಿಸುವ ಸಂತೋಷ ನಿಮ್ಮದಾಗಲಿ.

ಸಿಕ್ಕಿಕೊಂಡಾಗ

ಒಂದು ಗಂಟೆ ದುಡಿದ ಮೇಲೂ ದಾರಿ ಕಾಣದಿದ್ದರೆ ಎದ್ದು ಹೋಗಿ. ಅಮಾನಿಕೆರೆಯ ಸುತ್ತ ನಡೆಯಿರಿ, ಮನೆಗೆಲಸ ಮಾಡಿ, ನಿದ್ದೆ ಮಾಡಿ. ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕಾರೆ ಪ್ರವಾಸದಲ್ಲಿದ್ದಾಗ ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ ತಾನು ಹುಡುಕುತ್ತಿದ್ದ ಎಳೆ ಹೊಳೆದದ್ದನ್ನು ಸ್ವತಃ ಬರೆದಿದ್ದಾನೆ. ಗುಬ್ಬಿ, ಕೊರಟಗೆರೆ, ಕುಣಿಗಲ್ ಕಡೆಯಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುವವರಿಗೆ ಆ ಹೊತ್ತು ದೊಡ್ಡ ಆಸ್ತಿ. ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿರಿ. ಆದರೆ ಮೊದಲು ಹಾಳೆಯ ಮೇಲೆ ದುಡಿದಿರಬೇಕು. ದುಡಿಯದವರಿಗೆ ಬಸ್ಸಿನಲ್ಲಿ ನಿದ್ದೆ ಮಾತ್ರ ಬರುತ್ತದೆ.

ಪರಿಹಾರ ನೋಡುವುದು ಯಾವಾಗ? ಬೇರೆ ಬೇರೆ ದಿನಗಳಲ್ಲಿ ಕನಿಷ್ಠ ಮೂರು ಸಲ ಕೂತ ಮೇಲೆ. ಆಗಲೂ ಪೂರ್ತಿ ಓದಬೇಡಿ. ಪುಟದ ಮೇಲೆ ಒಂದು ಹಾಳೆ ಮುಚ್ಚಿ, ಮೊದಲ ಸಾಲನ್ನಷ್ಟೇ ಓದಿ, ಪುಸ್ತಕ ಮಡಚಿ ಮತ್ತೆ ಪ್ರಯತ್ನಿಸಿ. ವಾರಕ್ಕೆ ಹೀಗೆ ಎರಡು ಲೆಕ್ಕ ಮಾಡಿದರೆ ಬೇಕಾದಷ್ಟಾಯಿತು. ಇಪ್ಪತ್ತು ಪರಿಹಾರಗಳನ್ನು ಓದಿ ಮುಗಿಸಿದೆ ಎನ್ನುವವರ ಮಾತು ಕೇಳಿ ಅಧೀರರಾಗಬೇಡಿ.

ಬರೆದಿಡುವುದು

ಸಾಧನೆಯನ್ನು ಹೊಸ ಹಾಳೆಯಲ್ಲಿ ಪೂರ್ಣ ವಾಕ್ಯಗಳಲ್ಲಿ ಬರೆದು, ಲೆಕ್ಕ ಮಾಡದ ಗೆಳತಿಗೋ ಗೆಳೆಯನಿಗೋ ಕೊಡಿ. ಅವರು 'ಇದು ಯಾಕೆ?' ಎಂದು ಬೆರಳಿಟ್ಟ ಸಾಲಿನಲ್ಲಿ ಬಹುಪಾಲು ಒಂದು ತೂತು ಇರುತ್ತದೆ. ಉದಾಹರಣೆಗಳನ್ನು ಜೋಡಿಸಿ 'ಆದ್ದರಿಂದ' ಎಂದು ಬರೆದಿದ್ದರೆ ಆ ಹಾಳೆಯನ್ನು ವಾಪಸ್ ಪಡೆದು ಮತ್ತೆ ಕೂರಿ.

ಈ ವಾರಕ್ಕೆ ಎರಡು

ಮೊದಲನೆಯದು: 1ರಿಂದ 100ರಲ್ಲಿ ಯಾವುದೇ 51ನ್ನು ಆರಿಸಿದರೆ, 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಎರಡು ಸಂಖ್ಯೆಗಳು ಅವುಗಳಲ್ಲಿ ಇರಲೇಬೇಕು. ಹಂಗೇರಿಯ ಗಣಿತಜ್ಞ ಪಾಲ್ ಏರ್ಡಿಶ್ 1959ರಲ್ಲಿ ಲಾಯೋಶ್ ಪೋಶಾ ಎಂಬ ಹುಡುಗನನ್ನು ಊಟದ ಮೇಜಿನಲ್ಲಿ ಇಂಥದ್ದೇ ಪ್ರಶ್ನೆ ಕೇಳಿದ. ಹನ್ನೆರಡು ತುಂಬದ ಆ ಹುಡುಗ ಅಲ್ಲೇ ಉತ್ತರ ಕೊಟ್ಟ. ಸಾಧನೆ ಒಂದೇ ಸಾಲಿನದು.

ಎರಡನೆಯದು ಗಟ್ಟಿ. 1ರಿಂದ 200ರಲ್ಲಿ ಒಂದು ಇನ್ನೊಂದನ್ನು ಭಾಗಿಸದಂತೆ 100 ಸಂಖ್ಯೆಗಳನ್ನು ಆರಿಸಿದ್ದೀರಿ. ಅವುಗಳಲ್ಲಿ 16ಕ್ಕಿಂತ ಚಿಕ್ಕದು ಯಾವುದೂ ಇರಲಾರದು ಎಂದು ಸಾಧಿಸಿ. ಮೇಲಿನ ಹತ್ತರ ಪಟ್ಟಿಯಲ್ಲಿ ನಾವು 4ಕ್ಕಿಂತ ಕೆಳಗೆ ಇಳಿಯಲಾಗದೆ ಹೋದದ್ದು ಏಕೆ ಎಂಬಲ್ಲಿಂದ ಶುರುಮಾಡಿ.