ಬಾಯಿಲೆಕ್ಕ ಕಲಿಸುವುದು ಹೇಗೆ? ಮೊದಲು ಹತ್ತು, ಆಮೇಲೆ ಮಗ್ಗಿ

ಮೂರನೇ ಕ್ಲಾಸಿನ ಮಗುವಿಗೆ ‘47ಕ್ಕೆ 28 ಕೂಡಿಸಿದರೆ ಎಷ್ಟು?’ ಅಂತ ಬಾಯಲ್ಲೇ ಕೇಳಿ ನೋಡಿ. ಎಷ್ಟೋ ಮಕ್ಕಳು ಗಾಳಿಯಲ್ಲಿ ಬೆರಳಾಡಿಸಿ ಒಂದರ ಕೆಳಗೊಂದು ಬರೆಯುತ್ತಾರೆ. ಏಳಕ್ಕೆ ಎಂಟು ಹದಿನೈದು, ಐದು ಬರೆದು ಕೈಲಿ ಒಂದು... ಅಷ್ಟರಲ್ಲಿ ಕೈಲಿದ್ದ ಒಂದು ಮರೆತೇಹೋಗುತ್ತದೆ. 65 ಅನ್ನುತ್ತಾರೆ. ಇದರಲ್ಲಿ ಮಗುವಿನ ತಪ್ಪಿಲ್ಲ. ಹಾಳೆಯ ಮೇಲೆ ಮಾಡುವ ಲೆಕ್ಕವನ್ನು ತಲೆಯೊಳಗೆ ಮಾಡಲು ಹೋದರೆ ಹೀಗೇ ಆಗುವುದು. ಬಾಯಿಲೆಕ್ಕಕ್ಕೆ ಬೇಕಾದದ್ದು ಸಂಖ್ಯೆಯನ್ನು ಒಡೆದು, ಅನುಕೂಲವಾದಂತೆ ಜೋಡಿಸುವ ಅಭ್ಯಾಸ.

ಹತ್ತರಿಂದ ಶುರು ಮಾಡಿ. ಮಗುವಿನ ಕೈಲೇ ಹತ್ತು ಹುಣಸೆ ಬೀಜ ಎಣಿಸಿ. ಕೆಲವನ್ನು ನಿಮ್ಮ ಮುಷ್ಟಿಯಲ್ಲಿ ಮುಚ್ಚಿಟ್ಟು, ಉಳಿದದ್ದನ್ನು ನೆಲದ ಮೇಲೆ ಹಾಕಿ. ಕೆಳಗೆ 6 ಇದ್ದರೆ ಮುಷ್ಟಿಯಲ್ಲಿ ಎಷ್ಟು? ಮೊದಮೊದಲು ಬೆರಳು ಮಡಚಿ ಎಣಿಸುತ್ತಾರೆ, ಎಣಿಸಲಿ ಬಿಡಿ. ಮುಷ್ಟಿ ಬಿಚ್ಚಿ ತೋರಿಸಿದಾಗ ಉತ್ತರ ಸರಿಯೋ ತಪ್ಪೋ ಮಗುವಿಗೇ ತಿಳಿಯುತ್ತದೆ. 6–4, 7–3, 8–2 ಜೋಡಿಗಳು ತಟ್ಟನೆ ಬಾಯಿಗೆ ಬರುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಸರ್ಕಾರಿ ಶಾಲೆಗಳ ನಲಿಕಲಿ (ಚಿಕ್ಕ ಕ್ಲಾಸುಗಳಲ್ಲಿ ಆಡುತ್ತಾ ಕಲಿಯುವ ಪದ್ಧತಿ) ಮಕ್ಕಳ ಜೊತೆ ಮನೆಯಲ್ಲೂ ಇದನ್ನು ಸುಲಭವಾಗಿ ಆಡಬಹುದು.

ಆಮೇಲೆ ಹತ್ತು ತುಂಬಿಸುವುದು. 8ಕ್ಕೆ 5 ಕೂಡಿಸಬೇಕು. ಎಂಟು ಹತ್ತಾಗಲು ಎರಡು ಬೇಕು, ಅದನ್ನು ಐದರಿಂದ ತಗೊಂಡರೆ ಮೂರು ಉಳಿಯಿತು. 13.

ಇಷ್ಟು ಬಂದರೆ ಎರಡಂಕಿಗೆ ಹೋಗಬಹುದು. ಮೊದಲು ಕೇಳಿದ 47, 28ನ್ನೇ ತಗೊಳ್ಳಿ. ಹತ್ತುಗಳು ಮೊದಲು, ಬಿಡಿ ಆಮೇಲೆ: 40ಕ್ಕೆ 20 ಸೇರಿ 60; 7ಕ್ಕೆ 8 ಸೇರಿ 15; ಒಟ್ಟು 75. ಇನ್ನೊಂದು ಮಗು 28ನ್ನು 30 ಅಂದುಕೊಂಡು, 77 ಮಾಡಿ, ಜಾಸ್ತಿ ಹಾಕಿದ 2 ತೆಗೆಯಬಹುದು. ಎರಡೂ ಸರಿಯೇ ಅಲ್ವಾ? ಹಾಗಾಗಿ ಉತ್ತರ ಬಂದ ಮೇಲೆ ‘ಹೇಗೆ ಮಾಡಿದೆ, ಹೇಳು’ ಅಂತ ಕೇಳಿ. ಉತ್ತರ ಸರಿಯಿದ್ದಾಗಲೂ ಕೇಳಿ. ಒಬ್ಬರ ದಾರಿ ಕೇಳಿ ಇನ್ನೊಬ್ಬರು ಕಲಿಯುವಷ್ಟು ಚೆನ್ನಾಗಿ ನಾವು ಬೋರ್ಡಿನ ಮೇಲೆ ಬರೆದು ಕಲಿಸಲಾರೆವು.

ಕಳೆಯುವುದಕ್ಕೆ ಅಂಗಡಿ ಆಟ ಸಾಕು. 100 ರೂಪಾಯಿ ಕೊಟ್ಟು 63 ರೂಪಾಯಿ ಸಾಮಾನು ತಗೊಂಡರೆ ಚಿಲ್ಲರೆ ಎಷ್ಟು? ಪಕ್ಕದ ಮನೆಯಿಂದ ಸಾಲ ತರುವ ತಾಪತ್ರಯವೇ ಬೇಡ. 63ರಿಂದ 70ಕ್ಕೆ 7, ಅಲ್ಲಿಂದ 100ಕ್ಕೆ 30. ಒಟ್ಟು 37.

ಮಗ್ಗಿ ಬಾಯಿಪಾಠ ಬೇಡ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮಗ್ಗಿ ಬೇಕೇ ಬೇಕು. ಆದರೆ ಮರೆತಾಗ ಮೊದಲಿಂದ ಹೇಳಿಕೊಂಡು ಬರುವ ಪಾಡು ಇರಬಾರದು. ಏಳೆಂಟ್ಲ ಮರೆತರೆ ಏಳ್ನಾಕ್ಲ 28 ಗೊತ್ತಲ್ಲ, ಅದರ ಎರಡರಷ್ಟು 56. ಒಂಬತ್ತರ ಮಗ್ಗಿ ಕಷ್ಟ ಅನ್ನಿಸಿದರೆ ಹತ್ತರದ್ದು ಹೇಳಿ ಒಂದು ಸಲದ್ದು ಕಳೆಯಲಿ: ಒಂಬತ್ತೇಳ್ಲ ಬೇಕಿದ್ದರೆ ಹತ್ತೇಳ್ಲ 70, ಅದರಲ್ಲಿ 7 ಹೋದರೆ 63.

ದಿನಕ್ಕೆ ಐದು ನಿಮಿಷ ಸಾಕು. ಗಡಿಯಾರ ಹಿಡಿದು ‘ಬೇಗ ಬೇಗ’ ಅನ್ನಬೇಡಿ. ಹೆದರಿದ ಮಗು ಯೋಚಿಸುವುದನ್ನು ಬಿಟ್ಟು ಸುಮ್ನೆ ಏನೋ ಒಂದು ಉತ್ತರ ಹೇಳಿಬಿಡುತ್ತದೆ.

ದೊಡ್ಡ ಲೆಕ್ಕಗಳನ್ನು ಹಾಳೆಯಲ್ಲೇ ಮಾಡಲಿ. ಪೆನ್ಸಿಲ್ ಹಿಡಿಯುವ ಮೊದಲು ‘ಸುಮಾರು ಎಷ್ಟು ಬರಬಹುದು?’ ಅಂತ ಮಾತ್ರ ಕೇಳಿ. 398ಕ್ಕೆ 205 ಕೂಡಿಸಿದರೆ 600ರ ಆಸುಪಾಸು ಅಂತ ಗೊತ್ತಿರುವ ಮಗು, ಬರೆದ ಉತ್ತರ 5913 ಬಂದರೆ ತಾನೇ ರಬ್ಬರ್ ಹುಡುಕುತ್ತದೆ.