ಕಾಫಿಪುಡಿ, ಜೇನು, ಕಾಚಂಪುಳಿ: ಗಿರಾಕಿಯ ರಿವ್ಯೂ ಕೇಳಲು ಚಾಟ್‌ಬಾಟ್ ಹೂಡುವ ಬಗೆ

ಮಡಿಕೇರಿ, ಕುಶಾಲನಗರದ ರಸ್ತೆಬದಿಯ ಅಂಗಡಿಗಳಲ್ಲಿ ಕೊಂಡ ಮಾಲಿನ ರುಚಿ ಗಿರಾಕಿಗೆ ತಿಳಿಯುವುದು ಊರು ಸೇರಿದ ಮೇಲೆ. ಕೌಂಟರಿನಲ್ಲೇ ರಿವ್ಯೂ ಕೇಳಿದರೆ ಪಾರ್ಕಿಂಗ್ ಬಗ್ಗೆ ಒಂದು ಸಾಲು ಸಿಗುತ್ತದೆ, ಕಾಫಿಯ ಬಗ್ಗೆ ಅಲ್ಲ. ವಾರ ಕಳೆದು ಕೇಳೋಣವೆಂದರೆ ಅಂಗಡಿಯವರಿಗೆ ನೆನಪಿರುವುದಿಲ್ಲ. ಚಾಟ್‌ಬಾಟಿನ ನಿಜವಾದ ಉಪಯೋಗ ಇಷ್ಟೇ: ಸರಿಯಾದ ದಿನ ಮರೆಯದೆ ಕೇಳುವುದು, ಬಂದದ್ದನ್ನು ವಿಂಗಡಿಸಿ ಕೊಡುವುದು.

ಮೊದಲು ಬಿಲ್ ಮಾಡುವಾಗ ಮೂರು ವಿಷಯ ದಾಖಲಾಗಬೇಕು: ವಾಟ್ಸಾಪ್ ನಂಬರ್, ಕೊಂಡ ಮಾಲು, ತಾರೀಖು. ಜತೆಗೆ ‘ರಿವ್ಯೂ ಕೇಳಲು ಒಂದು ಮೆಸೇಜ್ ಕಳಿಸಬಹುದಾ?’ ಎಂದು ಬಾಯಿಬಿಟ್ಟು ಕೇಳಿ, ಒಪ್ಪಿದ್ದನ್ನೂ ಗುರುತು ಹಾಕಿಕೊಳ್ಳಿ. ಬಿಲ್ಲಿಗೆಂದು ಕೊಟ್ಟ ನಂಬರನ್ನು ಬೇರೆ ಕೆಲಸಕ್ಕೆ ಬಳಸುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯಕ್ಕೆ ಒಗ್ಗುವುದಿಲ್ಲ.

ದಿನಕ್ಕೆ ಹತ್ತು ಹದಿನೈದು ಬಿಲ್ ಆಗುವ ಅಂಗಡಿಗೆ ಬಾಟ್ ಬೇಕಾಗಿಯೇ ಇಲ್ಲ. ಪುಕ್ಕಟೆ ಸಿಗುವ ವಾಟ್ಸಾಪ್ ಬಿಸಿನೆಸ್ ಆ್ಯಪಿನ ಕ್ವಿಕ್ ರಿಪ್ಲೈ (ಮೊದಲೇ ಬರೆದಿಟ್ಟ ಉತ್ತರ) ಸಾಕು. ಅದಕ್ಕಿಂತ ಹೆಚ್ಚಾದರೆ ನೇರವಾಗಿಯೋ, ಸೇವೆ ಕೊಡುವ ಕಂಪನಿಯೊಂದರ ಮೂಲಕವೋ ವಾಟ್ಸಾಪ್ ಬಿಸಿನೆಸ್ ಪ್ಲಾಟ್‌ಫಾರ್ಮ್‌ಗೆ ಸೇರಿಕೊಳ್ಳಬೇಕು. ಅಲ್ಲೊಂದು ನಿಯಮ ಹಲವರನ್ನು ಎಡವಿಸುತ್ತದೆ. ಗಿರಾಕಿ ಕೊನೆಯ ಮೆಸೇಜ್ ಕಳಿಸಿದ 24 ಗಂಟೆಯೊಳಗೆ ಮಾತ್ರ ಬಾಟ್ ತನಗೆ ಬೇಕಾದಂತೆ ಬರೆಯಬಹುದು. ಆಮೇಲೆ ಹೋಗುವುದೆಲ್ಲ ವಾಟ್ಸಾಪಿನ ಒಡೆಯ ಕಂಪನಿ ಮೆಟಾ ಮೊದಲೇ ಒಪ್ಪಿದ ಟೆಂಪ್ಲೇಟ್, ಅಂದರೆ ಸಿದ್ಧ ಮೆಸೇಜ್. ರಿವ್ಯೂ ಕೇಳುವುದು ವಾರದ ಮೇಲಾದ್ದರಿಂದ ಟೆಂಪ್ಲೇಟ್ ಮೊದಲೇ ತಯಾರಿರಲಿ. ಹೆಸರು ತುಂಬುವ ಖಾಲಿ ಜಾಗ ಟೆಂಪ್ಲೇಟಿನ ಮೊದಲಲ್ಲೋ ಕೊನೆಯಲ್ಲೋ ಇದ್ದರೆ ತಿರಸ್ಕಾರವಾಗುತ್ತದೆ. ಆಫರಿನ ಮಾತು ಸೇರಿಸಿದರೆ ಅದು ಜಾಹೀರಾತಿನ ಲೆಕ್ಕಕ್ಕೆ ಹೋಗುತ್ತದೆ.

‘ನಮಸ್ಕಾರ, ಈಚೆಗೆ ನಮ್ಮಲ್ಲಿ ಕೊಂಡ (ಮಾಲು) ಹೇಗಿದೆ? ಒಳ್ಳೆಯದೋ ಕೆಟ್ಟದ್ದೋ, ಅನಿಸಿದ್ದನ್ನು ಇಲ್ಲೇ ಬರೆಯಿರಿ. ಗೂಗಲ್‌ನಲ್ಲೂ ಬರೆಯುವುದಾದರೆ ಲಿಂಕ್ ಕೆಳಗಿದೆ.’ ಇಷ್ಟೇ ಸಾಕು. ಲಿಂಕ್ ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲೇ (ಗೂಗಲ್ ತೋರಿಸುವ ನಿಮ್ಮ ಅಂಗಡಿಯ ಪುಟ) ಸಿಗುತ್ತದೆ.

ಎಲ್ಲ ಮಾಲಿಗೂ ಒಂದೇ ಗಡುವು ಇಡಬೇಡಿ. ಕಾಫಿಪುಡಿಗೆ 7 ದಿನ, ಜೇನಿಗೆ 15, ಕೊಡಗಿನ ಹುಳಿಹಣ್ಣಿನ ರಸವಾದ ಕಾಚಂಪುಳಿಗೆ 20ರಿಂದ 25. ಕಾಚಂಪುಳಿ ಕೊಂಡವರು ಪಂದಿ ಕರಿಯೋ ಮೀನು ಸಾರೋ ಮಾಡುವ ಭಾನುವಾರ ಬರಬೇಕಲ್ಲ! ಮಂಗಳವಾರ, ಬುಧವಾರದ ಸಂಜೆ 7ರ ಸುಮಾರಿಗೆ ಕಳಿಸಿ. ಭಾನುವಾರ ಸಂಜೆ ಅವರು ಬೆಂಗಳೂರಿನ ದಾರಿಯಲ್ಲಿರುತ್ತಾರೆ. ಉತ್ತರ ಬರದಿದ್ದರೆ ಒಮ್ಮೆ ನೆನಪಿಸಬಹುದು, ಎರಡನೇ ಸಲ ನೆನಪಿಸಿದರೆ ಬ್ಲಾಕ್ ಮಾಡುತ್ತಾರೆ.

ಈಗ ಎಲ್ಲರೂ ಮಾಡುವ ತಪ್ಪು. ‘ಎಷ್ಟು ನಕ್ಷತ್ರ?’ ಎಂದು ಬಾಟ್ ಕೇಳುತ್ತದೆ. ನಾಲ್ಕೈದು ಕೊಟ್ಟವರಿಗೆ ಗೂಗಲ್ ಲಿಂಕ್, ಒಂದೆರಡು ಕೊಟ್ಟವರಿಗೆ ‘ಕ್ಷಮಿಸಿ, ನಮಗೇ ಹೇಳಿ’. ಜಾಣತನದಂತೆ ಕಾಣುತ್ತದೆ, ಆದರೆ ಒಳ್ಳೆಯದನ್ನಷ್ಟೇ ಆರಿಸಿ ಕೇಳುವುದನ್ನು ಗೂಗಲ್ ನಿಷೇಧಿಸಿದೆ. ರಿವ್ಯೂಗೆ ಪ್ರತಿಯಾಗಿ ರಿಯಾಯಿತಿಯನ್ನೋ 100 ಗ್ರಾಂ ಮೆಣಸನ್ನೋ ಕೊಡುವುದೂ ಹಾಗೆಯೇ. ಲಿಂಕ್ ಎಲ್ಲರಿಗೂ ಹೋಗಲಿ. ಬಾಟ್ ತಾನೇ ಹೊಗಳಿಕೆ ಬರೆದು ‘ಇದನ್ನು ಪೇಸ್ಟ್ ಮಾಡಿ’ ಎನ್ನುವುದಂತೂ ಬೇಡವೇ ಬೇಡ. ಒಂದೇ ಧಾಟಿಯ ಮೂವತ್ತು ರಿವ್ಯೂ ನೋಡಿದರೆ ಓದುವವರಿಗೇ ವಾಸನೆ ಹೊಡೆಯುತ್ತದೆ. ಆನ್‌ಲೈನ್ ರಿವ್ಯೂಗೆಂದೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನಕ ತಂದಿದೆ. ನಿಮ್ಮದೇ ವೆಬ್‌ಸೈಟಿನಲ್ಲಿ ರಿವ್ಯೂ ಹಾಕುವುದಾದರೆ ಅದನ್ನು ಓದಿಕೊಳ್ಳಿ.

ಕೆಟ್ಟ ರಿವ್ಯೂಗಳಲ್ಲಿ ಬಹಳಷ್ಟು ಮಾಲಿನ ದೋಷವಲ್ಲ, ತಿಳಿವಳಿಕೆಯ ಕೊರತೆ. ಆದ್ದರಿಂದ ಬಾಟಿಗೆ ಒಂದು ಪುಟದ ಉತ್ತರಪಟ್ಟಿ ಕೊಡಿ, ಅದರಾಚೆ ಊಹಿಸಬಾರದೆಂದು ಸೂಚನೆಯಲ್ಲೇ ಬರೆಯಿರಿ. ಜೇನು ಗಟ್ಟಿಯಾಗಿ ಹರಳುಗಟ್ಟಿದರೆ ‘ಸಕ್ಕರೆ ಪಾಕ ಬೆರೆಸಿದ್ದಾರೆ’ ಎಂಬ ದೂರು ಬರುತ್ತದೆ. ಜೇನಿನಲ್ಲಿರುವ ಗ್ಲೂಕೋಸ್ ಚಳಿಗೆ ಹರಳಾಗುವುದು ಸಹಜ, ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟರೆ ಕರಗುತ್ತದೆ ಎಂಬ ಉತ್ತರ ಪಟ್ಟಿಯಲ್ಲಿರಲಿ. ಕಾಚಂಪುಳಿ ಕಪ್ಪಗೆ, ಮಂದವಾಗಿರುವುದು ಕೆಟ್ಟದ್ದಕ್ಕಲ್ಲ, ರಸವನ್ನು ಕುದಿಸಿ ಇಳಿಸಿದ್ದಕ್ಕೆ. ಚಿಕೋರಿ ಬೆರೆಸಿದ ಪುಡಿಯಾದರೆ ಪ್ರಮಾಣವನ್ನು ಸ್ಪಷ್ಟವಾಗಿ ಹೇಳಲಿ. ಕಾಫಿ 51 ಶೇಕಡಕ್ಕಿಂತ ಕಡಿಮೆ ಇರುವಂತಿಲ್ಲ. ಮೆಣಸಿಗೆ ಬೂಷ್ಟು ಬಂದಿದೆ ಎಂದರೆ ಮಾತ್ರ ಬಾಟ್ ವಾದಿಸದೆ ಫೋಟೊ ಕೇಳಿ ಮಾಲೀಕರಿಗೆ ದಾಟಿಸಲಿ. ಅದು ಒಣಗಿಸಿದ್ದರಲ್ಲೇ ಆದ ತಪ್ಪಿರಬಹುದು.

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಮಲಯಾಳ ಬೆರೆತ ಸಾಲು, ಕೊಡವ ತಕ್ಕ್ (ಕೊಡವರ ಭಾಷೆ), ಇವೆಲ್ಲದರಲ್ಲಿ ಬಾಟ್ ಎಡವುತ್ತದೆ. ‘ಸೂಪರ್ ಪ್ಯಾಕಿಂಗ್, ಅರ್ಧ ಜೇನು ನಮ್ಮ ಬ್ಯಾಗೇ ಕುಡೀತು’ ಎಂಬುದನ್ನು ಹೊಗಳಿಕೆಯ ಲೆಕ್ಕಕ್ಕೆ ಹಾಕಿಬಿಡಬಹುದು. ಶುರು ಮಾಡುವ ಮೊದಲು ಇಂಥ 20 ಸಾಲು ಕೊಟ್ಟು ಪರೀಕ್ಷಿಸಿ. ಅರ್ಥವಾಗದಿದ್ದರೆ ಮನುಷ್ಯರಿಗೆ ದಾಟಿಸುವಂತೆ ಮಾಡಿ.

ಗೂಗಲ್‌ನ ರಿವ್ಯೂಗಳಿಗೆ ಉತ್ತರದ ಕರಡು ಬಾಟ್ ಬರೆಯಲಿ, ಪೋಸ್ಟ್ ಮಾಡುವುದು ಓದಿದ ಮೇಲೆ ನೀವೇ. ಮೂರು ಸಾಲು ಮೀರಬಾರದು, ಗಿರಾಕಿಯ ನಂಬರ್, ಬಿಲ್ ವಿವರ ಬರಬಾರದು, ದುಡ್ಡು ವಾಪಸ್ ಕೊಡುವ ಮಾತು ನಿಮ್ಮ ಒಪ್ಪಿಗೆಯಿಲ್ಲದೆ ಬರಬಾರದು. ಏರ್ ಕೆನಡಾ ವಿಮಾನ ಕಂಪನಿಯ ಚಾಟ್‌ಬಾಟ್ ರಿಯಾಯಿತಿಯ ಬಗ್ಗೆ ತಪ್ಪು ಹೇಳಿದ್ದಕ್ಕೆ 2024ರಲ್ಲಿ ಅಲ್ಲಿನ ನ್ಯಾಯಮಂಡಳಿ ಕಂಪನಿಯಿಂದಲೇ ಪರಿಹಾರ ಕೊಡಿಸಿತು. ಹೇಳಿದ್ದು ಬಾಟ್, ನಾವಲ್ಲ ಎಂಬ ವಾದ ನಿಲ್ಲಲಿಲ್ಲ.

ತಿಂಗಳಿಗೊಮ್ಮೆ ಹೆಸರು, ನಂಬರ್ ತೆಗೆದು ರಿವ್ಯೂಗಳನ್ನು ಬಾಟಿಗೆ ಕೊಟ್ಟು, ದೂರಿನ ಕಾರಣವಾರು ವಿಂಗಡಿಸಿ ಮೂಲ ಸಾಲಿನ ಸಮೇತ ತೋರಿಸಲು ಹೇಳಿ. ಎಣಿಕೆ ಮಾತ್ರ ನೀವೇ ಮಾಡಿ, ಅದರಲ್ಲಿ ಬಾಟ್ ತಪ್ಪುತ್ತದೆ. ಇನ್ನು ಮಳೆಗಾಲ: ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಎನ್ನುವ ದಿನಗಳಲ್ಲಿ ಬಾಟ್ ಎಲ್ಲೋ ದೂರದ ಸರ್ವರ್‌ನಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ, ಅದು ದಾಟಿಸಿದ ದೂರು ನೋಡುವವರಿರುವುದಿಲ್ಲ. ಆ ತಿಂಗಳುಗಳಿಗೆ ‘ಮಳೆಯಿಂದ ಉತ್ತರ ಎರಡು ದಿನ ತಡವಾಗಬಹುದು’ ಎಂಬ ಸಾಲನ್ನು ಮೇ ಕೊನೆಯಲ್ಲೇ ಸೇರಿಸಿಡಿ.