ಮಲಗಿದ್ದವಳಿಗೂ ರಜೆ ಬಾಕಿ ಇತ್ತು

ಬ್ರಿಟನ್ನಿಗೆ ಹೊಸದಾಗಿ ಬಂದವರು ಫೋನ್ ಮಾಡಿ ಬಾಡಿಗೆ ಮನೆ, ಮಕ್ಕಳ ಶಾಲೆ, ಒಳ್ಳೆಯ ಹೆಸರುಬೇಳೆ ಸಿಗುವ ಅಂಗಡಿ ಎಲ್ಲವನ್ನೂ ಕೇಳುತ್ತಾರೆ. ಕಾಯಿಲೆ ಬಿದ್ದು ಕೆಲಸ ಬಿಡುವಂತಾದರೆ ಏನು ಗತಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಬಾಯಲ್ಲಿ ಅಪಶಕುನ ಏಕೆ ಎಂದಿರಬೇಕು. ನಾನೂ ಕೇಳಿರಲಿಲ್ಲ. ಇಪ್ಪತ್ತು ದಿನಗಳ ಸಂಬಳ ಬಿಟ್ಟುಬಂದೆ, ಮೇಲೆ ಧನ್ಯವಾದವನ್ನೂ ಹೇಳಿ ಬಂದೆ.

ಬೆನ್ನುಮೂಳೆಯ ತೊಂದರೆಯಿಂದ ನಾನು ಹಾಸಿಗೆ ಹಿಡಿದದ್ದು 2023ರ ಮಾರ್ಚ್ ಕೊನೆಯಲ್ಲಿ. ನಮ್ಮ ಕಂಪನಿಯ ರಜೆ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಕಾನೂನು ಕೊಡಿಸುವ ಕಾಯಿಲೆ ವೇತನ 28 ವಾರಕ್ಕೆ ಮುಗಿಯಿತು. ಆಮೇಲೆ ತಿಂಗಳು ತಿಂಗಳೂ ಸೊನ್ನೆ ಹೊತ್ತ ಸಂಬಳ ಚೀಟಿ. ಸಂಬಳಕ್ಕೇ ಗತಿ ಇಲ್ಲದ ಮೇಲೆ ರಜೆ ಎಲ್ಲಿಂದ ಬರಬೇಕು ಎಂದುಕೊಂಡೆ. ಮೊದಲ ತಪ್ಪು ಇದೇ. ಇಲ್ಲಿ ಸಂಬಳ ನಿಂತರೂ ರಜೆ ಬೆಳೆಯುವುದು ನಿಲ್ಲುವುದಿಲ್ಲ. ನೀವು ಉದ್ಯೋಗಿಯಾಗಿ ಪಟ್ಟಿಯಲ್ಲಿರುವಷ್ಟು ದಿನವೂ, ಮಲಗಿದ್ದರೂ, ವರ್ಷಕ್ಕೆ 5.6 ವಾರ ರಜೆ ಸೇರುತ್ತಲೇ ಇರುತ್ತದೆ. ವಾರಕ್ಕೆ ಐದು ದಿನ ದುಡಿಯುವವರಿಗೆ ಅದು 28 ದಿನ.

2024ರ ಸೆಪ್ಟೆಂಬರ್ ಕೊನೆಗೆ ಕೆಲಸ ಬಿಟ್ಟೆ. ಕೊನೆಯ ಚೀಟಿಯಲ್ಲಿ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳ ಬಾಬ್ತು, ತೆಗೆದುಕೊಳ್ಳದೆ ಉಳಿದ 14 ದಿನಗಳ ರಜೆಯ ಹಣವಿತ್ತು. ಜೊತೆಗೆ ಎಚ್‌ಆರ್‌ನವರ ಒಂದು ಸಾಲು: ಹಿಂದಿನ ವರ್ಷದ ರಜೆ ಮಾರ್ಚ್ 31ಕ್ಕೆ ರದ್ದಾಗಿದೆ. ನಾನು ತಲೆಯಾಡಿಸಿದೆ. ಅಷ್ಟೇ ಅಲ್ಲ, ದುಡಿಯದವಳಿಗೆ ಇಷ್ಟಾದರೂ ಕೊಟ್ಟರಲ್ಲ ಎಂದು ಕರಗಿ ಮೂರು ಪ್ಯಾರಾಗಳ ಇಮೇಲ್ ಬರೆದೆ. ಈಗ ಅದನ್ನು ಓದಿದರೆ ಕಿವಿ ಬಿಸಿಯಾಗುತ್ತದೆ.

ರದ್ದಾಗಿರಲಿಲ್ಲ. ಕಾಯಿಲೆಯ ಕಾರಣ ತೆಗೆದುಕೊಳ್ಳಲಾಗದ ರಜೆಯಲ್ಲಿ ನಾಲ್ಕು ವಾರದವರೆಗೆ ಮುಂದಿನ ವರ್ಷಕ್ಕೆ ಒಯ್ಯಬಹುದು. ಆ ರಜೆ ವರ್ಷ ಮುಗಿದ ಮೇಲೆ 18 ತಿಂಗಳವರೆಗೂ ಅದಕ್ಕೆ ಜೀವವಿರುತ್ತದೆ. ನ್ಯಾಯಾಲಯಗಳು ಮೊದಲೇ ಹೇಳಿದ್ದ ಇದು 2024ರ ಜನವರಿಯಿಂದ ನಿಯಮದಲ್ಲೇ ಬರಹವಾಗಿದೆ. ಆ ಅವಧಿಯೊಳಗೆ ಕೆಲಸ ಬಿಟ್ಟರೆ ಒಯ್ದ ರಜೆಗೂ ಹಣ ಕೊಡಬೇಕು, ಅದೂ ಕಾಯಿಲೆ ವೇತನದ ದರದಲ್ಲಲ್ಲ, ಮಾಮೂಲಿ ಸಂಬಳದ ದರದಲ್ಲಿ. ನನ್ನ ಲೆಕ್ಕ ಹಿಂದಿನ ವರ್ಷದ ನಾಲ್ಕು ವಾರದ 20 ಮತ್ತು ಈ 14, ಒಟ್ಟು 34 ದಿನ ಆಗಬೇಕಿತ್ತು. ಗೆಳತಿಯೊಬ್ಬಳು ಇದನ್ನು ಹೇಳುವ ಹೊತ್ತಿಗೆ ಐದು ತಿಂಗಳು ಕಳೆದಿತ್ತು. ಉದ್ಯೋಗದ ವ್ಯಾಜ್ಯ ಕೇಳುವ ನ್ಯಾಯಮಂಡಳಿ, ಅಂದರೆ ಟ್ರಿಬ್ಯೂನಲ್‌ಗೆ ಹೋಗಲು ನನಗಿದ್ದ ಗಡುವು ಮೂರು ತಿಂಗಳಿಗೆ ಒಂದು ದಿನ ಕಡಿಮೆ. ಈ ಗಡುವು ಬದಲಾಗಬಹುದು, ನಿಮ್ಮ ಕಾಲಕ್ಕೆ ಎಷ್ಟಿದೆ ಎಂದು ಮೊದಲೇ ನೋಡಿಕೊಳ್ಳಿ.

ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಅಪ್ಪನಿಗೆ ತಮ್ಮ ಗಳಿಕೆ ರಜೆ, ಅರ್ಧ ವೇತನ ರಜೆ ಎರಡೂ ಬಾಯಿಪಾಠ. ಊಟದ ನಡುವೆ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಅಂಥವರ ಮಗಳು ನಾನು. ಆದರೆ ಅಪ್ಪನಿಗೆ ಅದು ಸರ್ಕಾರದ ಮನೆಯ ಹಕ್ಕು, ನನಗೆ ಇದು ಪರರ ಮನೆಯ ಉಪ್ಪು. ವೀಸಾ ಕೊಡಿಸಿದ ಕಂಪನಿ, ಮಲಗಿದಾಗ ಹೂಗುಚ್ಛ ಕಳಿಸಿದ ಕಂಪನಿ. ಹಂಗಿನಲ್ಲಿರುವವರು ಲೆಕ್ಕ ಕೇಳುತ್ತಾರೆಯೇ? ನನ್ನ ಬಾಯಿ ಕಟ್ಟಿದ್ದು ಕಾನೂನಿನ ಅಜ್ಞಾನಕ್ಕಿಂತ ಹೆಚ್ಚಾಗಿ ಈ ಹಂಗು.

ನೀವು ಹೀಗೆ ಮಾಡಿ. ರಾಜೀನಾಮೆ ಕೊಡುವ ಮುನ್ನವೇ ಇಮೇಲಿನಲ್ಲಿ ಕೇಳಿ: ಕೊನೆಯ ದಿನಕ್ಕೆ ನನ್ನ ರಜೆ ಎಷ್ಟು, ಹಿಂದಿನ ವರ್ಷದಿಂದ ಬಂದದ್ದು ಎಷ್ಟು, ದಿನಕ್ಕೆ ಯಾವ ದರ? ಫೋನಿನಲ್ಲಿ ಕೇಳಬೇಡಿ, ನಾವು ಫೋನಿನಲ್ಲಿ ತುಂಬಾ ಒಳ್ಳೆಯವರು. 28 ದಿನಕ್ಕಿಂತ ಹೆಚ್ಚು ರಜೆ ಕೊಡುವ ಕಂಪನಿಯಾದರೆ ಆ ಹೆಚ್ಚಿನದು ಕರಾರಿನಂತೆ, ಓದಿ ನೋಡಿ. ಕಾಯಿಲೆ ವೇತನ ಮುಗಿದು ಕೈ ಬರಿದಾದಾಗ, ಮಲಗಿರುವಾಗಲೇ ಕೆಲವು ದಿನಗಳನ್ನು ವಾರ್ಷಿಕ ರಜೆಯೆಂದು ಕೇಳಿ ಪೂರ್ತಿ ಸಂಬಳ ಪಡೆಯಲೂಬಹುದು. ಆ ಸೊನ್ನೆಯ ತಿಂಗಳುಗಳಲ್ಲಿ ನನಗೆ ಯಾರಾದರೂ ಇದನ್ನು ಹೇಳಿದ್ದರೆ ಅಮ್ಮನ ಬಳೆ ಅಡವಿಡುತ್ತಿರಲಿಲ್ಲ. ಕೊಡುವುದಿಲ್ಲ ಎಂದರೆ ಉದ್ಯೋಗದ ತಕರಾರುಗಳಿಗೆ ಸಲಹೆ, ರಾಜಿ ಮಾಡಿಸುವ ಸಾರ್ವಜನಿಕ ಸಂಸ್ಥೆ ಏಕಾಸ್‌ಗೆ (Acas) ಫೋನ್ ಮಾಡಿ, ದುಡ್ಡು ಕೇಳುವುದಿಲ್ಲ. ಟ್ರಿಬ್ಯೂನಲ್‌ಗೆ ಹೋಗುವ ದಾರಿಯೂ ಅವರ ಬಾಗಿಲಿನಿಂದಲೇ. ಕಾಯಿಲೆಗೆ ವೈದ್ಯರು ಬರೆದುಕೊಡುವ ಫಿಟ್ ನೋಟ್, ಕೆಲಸ ಬಿಟ್ಟಾಗ ಕಂಪನಿ ಕೊಡುವ ಸಂಬಳ-ತೆರಿಗೆ ಚೀಟಿ ಪಿ45 ಎಲ್ಲ ಒಂದು ಫೈಲಿನಲ್ಲಿರಲಿ. ಕಂಪನಿಯ ಪ್ರಾಯೋಜಕತ್ವದಲ್ಲಿ ಸಿಗುವ ಸ್ಕಿಲ್ಡ್ ವರ್ಕರ್ ವೀಸಾದವರು ಮಾತ್ರ ಅವಸರಪಡಬೇಡಿ: ಕೆಲಸ ಬಿಟ್ಟರೆ ಸಾಮಾನ್ಯವಾಗಿ 60 ದಿನ ಕೊಡುತ್ತಾರೆ, ಅಷ್ಟರಲ್ಲಿ ಬೇರೆ ದಾರಿ ಆಗಬೇಕು. ಕಾಯಿಲೆ ರಜೆಯಲ್ಲಿರುವುದೇ ವೀಸಾಕ್ಕೆ ಮುಳುವು ಎಂದು ಹೆದರಿ ರಾಜೀನಾಮೆ ಬರೆದವರನ್ನು ಕಂಡಿದ್ದೇನೆ. ಹಾಗೇನೂ ಇಲ್ಲ.

ಇಲ್ಲೇ ಹುಟ್ಟಿದ ನನ್ನ ಮಗಳು ಹೋದ ವರ್ಷ ಒಂದು ಬೇಕರಿಯಲ್ಲಿ ಸಿಕ್ಕ ಸಿಕ್ಕ ಗಂಟೆ ದುಡಿದು ನಾಲ್ಕು ತಿಂಗಳಿಗೆ ಬಿಟ್ಟಳು. ಅಡುಗೆಮನೆಯ ಕಟ್ಟೆಗೆ ಒರಗಿ, ಮೊಬೈಲಿನಲ್ಲಿ ಗಂಟೆಗಳನ್ನೆಲ್ಲ ಕೂಡಿಸಿ ಶೇಕಡಾ 12.07 ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದಳು. ನಿಗದಿತ ಗಂಟೆಗಳಿಲ್ಲದವರ ರಜೆ ಸೇರುವುದು ಆ ಲೆಕ್ಕದಲ್ಲಿ.

"ಬಿಡು ಪುಟ್ಟಾ, ಚೆನ್ನಾಗಿ ನೋಡಿಕೊಂಡರಲ್ಲ, ಅವರ ಹಂಗು ಇದೆ" ಎಂದೆ.

"ಹಂಗು ಅಂದರೆ ಏನಮ್ಮಾ?"

ಸೌಟು ಹಿಡಿದುಕೊಂಡೇ ಎರಡು ಮೂರು ಇಂಗ್ಲಿಷ್ ಪದ ಹೇಳಿ ನೋಡಿದೆ. ಯಾವುದೂ ಅದಲ್ಲ. ಈ ಪದವನ್ನು ಅವಳಿಗೆ ಕಲಿಸಲಿಲ್ಲವೆಂದು ಬೇಸರವಾಯಿತೋ, ಸದ್ಯ ಕಲಿಸಲಿಲ್ಲವೆಂದು ಸಮಾಧಾನವಾಯಿತೋ, ನನಗೇ ತಿಳಿಯಲಿಲ್ಲ. ನಾನಿನ್ನೂ ಪದ ಹುಡುಕುತ್ತಿರುವಾಗಲೇ ಅವಳು ಸಂದೇಶ ಕಳಿಸಿ ಮಹಡಿ ಹತ್ತಿ ಹೋದಳು.